ಅಕ್ಕ ಎಳೆದು ತಂದ ಚುಕ್ಕೆ

ಸಂಚಾರ ಪೊಲೀಸ್ ಕೆಲಸಕ್ಕೆ ಸೇರುವಾಗ ನನ್ನ ಎತ್ತರ ಅಳೆದರು, ಮೈದಾನದ ಸುತ್ತ ಓಡಿಸಿದರು, ಕಣ್ಣು ಪರೀಕ್ಷೆ ಮಾಡಿದರು, ಸೀಟಿ ಊದಿಸಿ ನೋಡಿದರು. ಎಷ್ಟು ಹೊತ್ತು ಮೂತ್ರ ತಡೆದುಕೊಳ್ಳಬಲ್ಲೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಕೇಳಬೇಕಿತ್ತು. ಹೆಂಗಸಿಗೆ ಈ ನೌಕರಿಯಲ್ಲಿ ಬೇಕಾದ ಮುಖ್ಯ ಅರ್ಹತೆ ಅದೇ ಎಂದು ನನಗೆ ಗೊತ್ತಾಗಿದ್ದು ದೊಡ್ಡ ಸರ್ಕಲ್‌ಗೆ ಹಾಕಿದ ಮೇಲೆ.

ದೊಡ್ಡ ಸರ್ಕಲ್ ಎಂದರೆ ನಾಲ್ಕು ರಸ್ತೆ ಬಂದು ಕೂಡುವ ಜಾಗ. ನಡುವೆ ದುಂಡನೆಯ ಕಟ್ಟೆ, ಕಟ್ಟೆಯ ಮೇಲೊಂದು ಕಬ್ಬಿಣದ ಛತ್ರಿ, ಛತ್ರಿಯ ಕೆಳಗೆ ನಾನು. ಸಿಗ್ನಲ್ ದೀಪಗಳೂ ಇವೆ, ಆದರೆ ಮೂರೂ ಬಣ್ಣ ಒಟ್ಟಿಗೆ ಉರಿಯುತ್ತವೆ. ಹಾಗಾಗಿ ನನ್ನ ಎರಡು ಕೈಗಳೇ ಸಿಗ್ನಲ್. ನನ್ನ ಜೊತೆ ಪಾಳಿಯಲ್ಲಿದ್ದ ಪೇದೆಗೆ ಊರಿನ ಪ್ರತಿ ಗೋಡೆಯೂ ಶೌಚಾಲಯ. ನಾನು ಅವನನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಮೂಲೆಯ ಔಷಧಿ ಅಂಗಡಿಯವನ ಹತ್ತಿರ ಹಲ್ಲು ಕಿರಿದು, ಅವನ ಅಂಗಡಿಯ ಹಿಂದಿನ ಕೋಣೆಗೆ ಹೋಗಿ ಬರುತ್ತಿದ್ದೆ. ಒಮ್ಮೆ ಗೊತ್ತಿಲ್ಲದೆ ಅವನ ಅಳಿಯನ ಬೈಕಿಗೆ ದಂಡ ಹಾಕಿದೆ. ಮರುದಿನದಿಂದ ಆ ಕೋಣೆಯ ನಲ್ಲಿ ಕೆಟ್ಟುಹೋಯಿತು. ಆಮೇಲೆ ನಾನು ನೀರು ಕುಡಿಯುವುದನ್ನೇ ಬಿಟ್ಟೆ.

ಬಿಟ್ಟಿದ್ದಕ್ಕೆ ಉರಿ ಶುರುವಾಯಿತು, ಉರಿಯ ಹಿಂದೆ ಚಳಿಜ್ವರ ಬಂತು. ಡಾಕ್ಟರಮ್ಮ ವರದಿ ನೋಡಿ, "ಸೋಂಕು ಕಿಡ್ನಿಗೆ ಏರ್ತಿದೆ. ಹೀಗೇ ಬಿಟ್ರೆ ಒಂದು ಕಿಡ್ನಿ ಕಳ್ಕೋತೀಯ. ಚೆನ್ನಾಗಿ ನೀರು ಕುಡಿ, ಆಗಾಗ ಹೋಗಿ ಬಾ," ಎಂದರು.

"ಎಲ್ಲಿಗೆ ಹೋಗಿ ಬರ್ಲಿ ಮೇಡಂ?" ಎಂದೆ.

ಅವರು ಚೀಟಿಯಲ್ಲಿ ಮಾತ್ರೆ ಬರೆದುಕೊಟ್ಟು ಮುಂದಿನವರನ್ನು ಕರೆದರು.

ಇದೇ ಹೊತ್ತಿಗೆ ನಮ್ಮಕ್ಕ ವಿಜ್ಞಾನ ಕಲಿಯತೊಡಗಿದಳು. ಅಕ್ಕ ನಗರಸಭೆಯ ನಕ್ಷೆ ವಿಭಾಗದಲ್ಲಿ ಟ್ರೇಸರ್. ಹಳೆಯ ನಕ್ಷೆಯ ಮೇಲೆ ತೆಳು ಕಾಗದ ಹಾಸಿ, ಕೆಳಗೆ ಕಂಡ ಗೆರೆಯನ್ನೇ ಮೇಲೆ ಎಳೆಯುವುದು ಅವಳ ಕೆಲಸ. ಕೆಳಗಿನ ಗೆರೆ ತಪ್ಪಿದ್ದರೆ ಮೇಲಿನದೂ ತಪ್ಪು, ಅದಕ್ಕೆ ಅವಳು ಹೊಣೆಯಲ್ಲ. ಈ ನೆಮ್ಮದಿಯ ಬದುಕಿಗೆ ಅವರ ಸಾಹೇಬರು ಕಲ್ಲು ಹಾಕಿದರು. ಎಲ್ಲೋ ವಿಚಾರ ಸಂಕಿರಣಕ್ಕೆ ಹೋಗಿ, ಊಟ ಮಾಡಿ, ಚೀಲ ತುಂಬ ಕರಪತ್ರ ತುಂಬಿಕೊಂಡು ಬಂದವರೇ, ಇನ್ನು ಮುಂದೆ ಎಲ್ಲವೂ ಜಿಐಎಸ್ ಎಂದು ಘೋಷಿಸಿದರು. ಕಂಪ್ಯೂಟರಿನಲ್ಲಿ ಊರಿನ ನಕ್ಷೆ ಇಟ್ಟು, ಅದರ ಮೇಲೆ ರಸ್ತೆ, ಕೊಳಾಯಿ, ಜನ, ಕಸ ಎಲ್ಲವನ್ನೂ ಒಂದರ ಮೇಲೊಂದು ಪದರವಾಗಿ ಹಾಸಿ ನೋಡುವ ವಿದ್ಯೆ ಅದು. ನೋಡಿದರೆ ಸಮಸ್ಯೆಗೆ ಉತ್ತರ ತಾನಾಗಿ ಹೊಳೆಯುತ್ತದಂತೆ.

ಕಲಿಸಲು ಚಕ್ರದ ಪೆಟ್ಟಿಗೆ ಎಳೆದುಕೊಂಡು ಒಬ್ಬ ಮೇಷ್ಟ್ರು ಬಂದರು. ಸಭಾಂಗಣದಲ್ಲಿ ಪರದೆ ಇಳಿಬಿಟ್ಟು, ಕಿಟಕಿ ಮುಚ್ಚಿ, ಹೊರಗಿನ ಲೋಕ ಒಂಚೂರೂ ಕಾಣದ ಹಾಗೆ ಮಾಡಿ, ಹೊರಗಿನ ಲೋಕದ ಪಾಠ ಶುರು ಮಾಡಿದರು. ಅಕ್ಕ ನಿಜಕ್ಕೂ ಚುರುಕು. ಸಂಜೆ ಕಚೇರಿಯ ಲ್ಯಾಪ್‌ಟಾಪ್ ಮನೆಗೆ ತಂದು ಊಟದ ಮೇಜಿನ ಮೇಲೆ ಅಭ್ಯಾಸಕ್ಕೆ ಕೂರುತ್ತಿದ್ದಳು. ಮೊದಲ ವಾರ ನಮ್ಮ ಮನೆಯನ್ನೇ ನಕ್ಷೆ ಮಾಡಿ, ಒಲೆಯ ಸುತ್ತ ಒಂದು ವೃತ್ತ ಎಳೆದು, "ಅಮ್ಮಾ, ನಿನ್ನ ಉಪ್ಪಿನ ಡಬ್ಬಿ ಸೇವಾ ವ್ಯಾಪ್ತಿಯಿಂದ ಹೊರಗಿದೆ," ಎಂದಳು.

"ಅದನ್ನ ತೆಗೆಯೋ ಕೈ ನಂದು, ನನ್ನ ವ್ಯಾಪ್ತೀಲೇ ಇದೆ," ಎಂದಳು ಅಮ್ಮ. "ಆ ಯಂತ್ರ ಎತ್ತಿಟ್ಟು ತಟ್ಟೆ ಹಾಕು."

ಪಾಠ ಮುಗಿಯುತ್ತ ಬಂದಾಗ ಪ್ರತಿ ಗುಂಪೂ ಒಂದು ನೈಜ ಜಗತ್ತಿನ ಸಮಸ್ಯೆಯನ್ನು ಬಿಡಿಸಿ ತೋರಿಸಬೇಕು ಎಂದರು ಮೇಷ್ಟ್ರು. ನಗರಸಭೆಯಲ್ಲಿ ಅಂಥ ಸಮಸ್ಯೆಗೇನು ಬರ. ಆದರೆ ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುವಂಥದ್ದೇ ಬೇಕೆಂದು ಎಲ್ಲರೂ ಹುಡುಕಾಡಿದರು. ಒಂದು ಗುಂಪು ಬೀದಿನಾಯಿ ಹಿಡಿದುಕೊಂಡಿತು. ಒಂದೊಂದು ನಾಯಿಗೂ ಒಂದೊಂದು ಚುಕ್ಕೆ ಇಟ್ಟು, ಮರುದಿನ ಹೋಗಿ ನೋಡಿದರೆ ಚುಕ್ಕೆ ಇಟ್ಟ ಕಡೆ ನಾಯಿ ಇಲ್ಲ. ನಾಯಿಗಳ ಕಡೆಯಿಂದ ನಿರೀಕ್ಷಿತ ಸಹಕಾರ ಸಿಗಲಿಲ್ಲ ಎಂದು ವರದಿಯಲ್ಲಿ ಬರೆದರು. ಇನ್ನೊಂದು ಗುಂಪು ರಸ್ತೆ ಗುಂಡಿಗಳನ್ನು ಫೋನಿನಲ್ಲಿ ಬಂದ ದೂರುಗಳ ಮೇಲಿಂದ ಗುರುತಿಸಿತು. ಊರಿನ ಗುಂಡಿಗಳೆಲ್ಲ ನಿವೃತ್ತರ ಬಡಾವಣೆಯಲ್ಲೇ ಇವೆ ಎಂದು ಅವರ ನಕ್ಷೆ ಕೆಂಪಗೆ ತೋರಿಸಿತು. ಫೋನ್ ಮಾಡಲು ಪುರುಸೊತ್ತು ಇದ್ದವರು ಇದ್ದದ್ದು ಅಲ್ಲಿ. ಬಸ್ಸೇ ಹೂತುಹೋಗುವ ನಮ್ಮ ಸಂತೆ ರಸ್ತೆ ಹಚ್ಚ ಹಸಿರಾಗಿತ್ತು.

ಅಕ್ಕನ ಗುಂಪಿನಲ್ಲಿ ಇದ್ದದ್ದು ಅವಳು ಮತ್ತು ಬಾಣಪ್ಪ. ಬಾಣಪ್ಪ ನೀರಿನ ವಿಭಾಗದ ಗುಮಾಸ್ತ. ಇಡೀ ತರಬೇತಿಯಲ್ಲಿ ಅವರು ಮನಸ್ಸಿಟ್ಟು ಕಲಿತದ್ದು ನಕ್ಷೆಯ ಮೂಲೆಯಲ್ಲಿ ಉತ್ತರ ದಿಕ್ಕಿನ ಬಾಣ ಹಾಕುವುದನ್ನು. ಎಂಥ ಬಾಣ ಅಂತೀರಿ, ಬಾಲಕ್ಕೆ ಗರಿ, ತುದಿಗೆ ನೆರಳು. ಉಳಿದದ್ದೆಲ್ಲ ಅಕ್ಕನ ಪಾಲಿಗೆ ಬಂತು. ಆ ವರ್ಷ ಹೆಂಗಸರಿಗೆಂದು ಊರಿಗೆ ಒಂದೇ ಒಂದು ಶೌಚಾಲಯ ಮಂಜೂರಾಗಿತ್ತು. ಎಲ್ಲಿ ಕಟ್ಟಬೇಕು ಎಂಬ ಜಗಳದಲ್ಲಿ ಕಡತ ಮೇಜಿಂದ ಮೇಜಿಗೆ ಓಡಾಡುತ್ತಿತ್ತು. ಅಕ್ಕ ಅದನ್ನೇ ಆರಿಸಿಕೊಂಡಳು. ನನಗೋಸ್ಕರ ಆರಿಸಿಕೊಂಡಳು. ನನ್ನ ಚಳಿಜ್ವರ ನೋಡಿ ಅವಳು ಅತ್ತಿದ್ದಳು, ಅದನ್ನು ನಾನು ಮರೆಯುವುದಿಲ್ಲ.

ಊರೆಲ್ಲ ಅಲೆದು ಎಲ್ಲೆಲ್ಲಿ ಹೆಂಗಸರು ದಿನವಿಡೀ ಬೀದಿಯಲ್ಲಿ ಕೆಲಸ ಮಾಡುತ್ತಾರೋ ಅಲ್ಲೆಲ್ಲ ಫೋನಿನಲ್ಲಿ ಚುಕ್ಕೆ ಇಟ್ಟುಕೊಂಡು ಬಂದಳು. ಪ್ರತಿ ಚುಕ್ಕೆಗೂ ಒಂದು ತೂಕ ಕೊಡಬೇಕಂತೆ. ಎಲ್ಲ ಚುಕ್ಕೆಗಳೂ ಒಂದೊಂದು ಹಗ್ಗ ಹಿಡಿದು ತಮ್ಮ ಕಡೆಗೆ ಎಳೆಯುತ್ತವೆ ಅಂದುಕೋ, ಯಾರ ತೂಕ ಹೆಚ್ಚೋ ಅವರ ಎಳೆತ ಹೆಚ್ಚು, ಕೊನೆಗೆ ನಡುವಿನ ಗಂಟು ಎಲ್ಲಿ ನಿಲ್ಲುತ್ತದೋ ಅದೇ ಸರಿಯಾದ ಜಾಗ ಎಂದು ನನಗೆ ತಿಳಿಸಿ ಹೇಳಿದಳು. ಒಂದು ಸಂಜೆ ಎಲ್ಲವನ್ನೂ ತುಂಬಿ ಗುಂಡಿ ಒತ್ತಿದಳು. ನಾನೂ ಅಮ್ಮನೂ ಬಗ್ಗಿ ನೋಡುತ್ತಿದ್ದೆವು. ಕೆಂಪು ಚುಕ್ಕೆ ತರಕಾರಿ ಮಾರುಕಟ್ಟೆಯ ಹಿಂದೆ, ಹಳೆಯ ಗೋದಾಮಿನ ಪಕ್ಕದ ಖಾಲಿ ಜಾಗದಲ್ಲಿ ಮೂಡಿತು.

"ಮಾರ್ಕೆಟ್ ಹಿಂದಾ?" ಎಂದೆ. "ನಾನು ಅಲ್ಲಿಗೆ ಹೋಗಿ ಬರೋಷ್ಟರಲ್ಲಿ ಸರ್ಕಲ್‌ನಲ್ಲಿ ಹೆಣ ಬಿದ್ದಿರುತ್ತೆ."

"ತರಕಾರಿ ಮಾರೋರು ಅಷ್ಟೊಂದು ಜನ ಇದಾರಲ್ಲೇ. ಅವರ ಕಡೇನೇ ಎಳೆಯುತ್ತೆ."

"ನನಗೆ ಎಷ್ಟು ತೂಕ ಕೊಟ್ಟಿದೀಯ?"

"ಎಲ್ಲರ ಹಾಗೇ. ಒಂದು."

"ಕಿಡ್ನಿ ಹೋಗ್ತಾ ಇರೋ ತಂಗಿಗೂ ಒಂದೇನಾ?"

ಅಕ್ಕ ಉಗುರು ಕಚ್ಚಿದಳು. "ಕೊಡೇ," ಎಂದಳು ಅಮ್ಮ, "ನಿನ್ನ ಗಂಟೇನು ಹೋಗುತ್ತೆ." ಅಕ್ಕ ಒಂದನ್ನು ಅಳಿಸಿ ಹತ್ತು ಮಾಡಿದಳು. ಚುಕ್ಕೆ ಮಾರುಕಟ್ಟೆ ಬಿಟ್ಟು ಹೊರಟಿತು, ಬಟ್ಟೆ ಅಂಗಡಿಯ ತಾರಸಿಯ ಮೇಲೆ ಕೂತಿತು. "ಇನ್ನೊಂಚೂರು," ಎಂದೆ. ಇನ್ನೊಂಚೂರು ಕೊಟ್ಟಳು. ಬ್ಯಾಂಕಿನ ಮುಂದೆ ಬಂದು ನಿಂತಿತು. ಬ್ಯಾಂಕಿನ ಪಕ್ಕ ಒಂದು ಪಾಳು ಜಾಗವಿದೆ, ಅಲ್ಲಿಗೆ ಸುಮ್ಮನಿದ್ದಿದ್ದರೆ ಸಾಕಿತ್ತು. ನನಗೆ ಆಸೆ ಹತ್ತಿತ್ತು. ನಾಳೆ ಯಾರಾದರೂ ಲೆಕ್ಕ ಮಾಡಿ ಮತ್ತೆ ಹಿಂದಕ್ಕೆ ಎಳೆದರೆ ಎಂಬ ಹೆದರಿಕೆಯೂ ಇತ್ತು. "ಜಾಸ್ತಿ ಕೊಡು, ಅಲುಗಾಡಬಾರದು," ಎಂದೆ. ಅಕ್ಕ ಸೊನ್ನೆಗಳನ್ನು ಹಾಕುತ್ತ ಹೋದಳು. ಚುಕ್ಕೆ ಬಂದು ನನ್ನ ಛತ್ರಿಯ ನೆತ್ತಿಯ ಮೇಲೆ ಕೂತಿತು, ಆಮೇಲೆ ಅಲುಗಲಿಲ್ಲ.

ಮೂವರೂ ನಕ್ಕೆವು. ತರಕಾರಿಯವರನ್ನು ನೆನೆದು ಒಂದು ಕ್ಷಣ ಕಸಿವಿಸಿಯಾಯಿತು, ಒಂದೇ ಕ್ಷಣ. "ರಸ್ತೆ ಮಧ್ಯೆ ಬಂತಲ್ಲೇ?" ಎಂದು ಕೇಳಿದೆ. "ಇದು ಬರೀ ಸೂಚನೆ ಕಣೇ," ಎಂದಳು ಅಕ್ಕ. "ಇಂಜಿನಿಯರು ಜಾಗಕ್ಕೆ ಹೋಗಿ ನೋಡ್ತಾರೆ, ಪಕ್ಕಕ್ಕೆ ಸರಿಸ್ತಾರೆ." ಯಾರೋ ಜಾಗಕ್ಕೆ ಹೋಗಿ ನೋಡುತ್ತಾರೆ ಎಂದು ನಂಬುವಷ್ಟು ಬೆಪ್ಪುಗಳಾಗಿದ್ದೆವು ನಾವು, ಒಬ್ಬಳು ನಗರಸಭೆಯಲ್ಲಿ ಇಷ್ಟು ವರ್ಷ ಕೂದಲು ಹಣ್ಣು ಮಾಡಿಕೊಂಡವಳು, ಇನ್ನೊಬ್ಬಳು ಪೊಲೀಸು.

ಪ್ರದರ್ಶನದ ದಿನ ನಡೆದದ್ದನ್ನು ಅಕ್ಕ ಬಂದು ಹೇಳಿದಳು. ಸಾಹೇಬರು ಮೊದಲು ಬಾಣವನ್ನು ಮೆಚ್ಚಿಕೊಂಡರು. ಆಮೇಲೆ ಚುಕ್ಕೆಯನ್ನು ದೊಡ್ಡದು ಮಾಡಿಸಿ ನೋಡಿದರು. ಕೊನೆಗೆ ಬಾಣಪ್ಪನೇ ಎದ್ದು ನಿಂತು, "ಸಾರ್, ಇದು ರಸ್ತೆ ಮಧ್ಯೆ ಇದೆ," ಎಂದರಂತೆ. ಆ ಮನುಷ್ಯನ ಮೇಲೆ ನನಗೆ ಗೌರವ ಹುಟ್ಟಿದ್ದು ಅವತ್ತು.

"ಮಧ್ಯೆ ಇರೋದು ದೋಷ ಅಲ್ಲ, ಅದೇ ಉತ್ತರ," ಎಂದರು ಮೇಷ್ಟ್ರು. "ಎಲ್ಲರಿಗೂ ಸಮ ದೂರ. ಡೇಟಾಗೆ ಅವರು ಇವರು ಅನ್ನೋ ಭೇದ ಇಲ್ಲ."

ಸಾಹೇಬರಿಗೆ ಬೇರೆಯೇ ಕಾರಣಕ್ಕೆ ಖುಷಿಯಾಗಿತ್ತು. ರಸ್ತೆ ಬದಿಯಲ್ಲಿ ಎಲ್ಲಿ ಕಟ್ಟಲು ಹೋದರೂ ಒಬ್ಬ ಅಂಗಡಿಯವನು ಕೋರ್ಟಿಗೆ ಓಡುತ್ತಾನೆ. ಕಟ್ಟೆಗೆ ಮಾಲೀಕರಿಲ್ಲ, ಪಕ್ಕದ ಮನೆಯವರಿಲ್ಲ, ತಕರಾರಿಲ್ಲ. "ಇಷ್ಟು ವರ್ಷ ಈ ಜಾಗ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ," ಎಂದು ಆಶ್ಚರ್ಯಪಟ್ಟರು. "ಸಾರ್, ಸ್ವಲ್ಪ ಪಕ್ಕಕ್ಕೆ, ಬ್ಯಾಂಕ್ ಹತ್ರ ಸರಿಸಿದ್ರೆ," ಎಂದು ಅಕ್ಕ ತೊದಲಿದಳು.

"ಏನಮ್ಮಾ," ಎಂದರು ಸಾಹೇಬರು, "ನೀವೇ ಮಾಡಿ ನೀವೇ ಹೀಗಂದ್ರೆ? ನಿಮಗೆ ಬೇಕಾದ ಹಾಗೆ ಅಲ್ಲಿ ಇಲ್ಲಿ ಎಳೆಯೋಕೆ ಇದೇನು ಹಗ್ಗಜಗ್ಗಾಟವಾ? ಇದು ವಿಜ್ಞಾನ."

ಅಕ್ಕ ಕೂತುಕೊಂಡಳು.

ಆ ಸಂಜೆ ನಮ್ಮ ಮನೆಯಲ್ಲಿ ದೊಡ್ಡ ಜಗಳವಾಯಿತು. "ನಾನೇ ಎಳೆದೆ ಅಂತ ಸಾಹೇಬರ ಹತ್ರ ಒಪ್ಕೊಂಡ್ಬಿಡು," ಎಂದೆ. "ಹೇಳಿದ್ರೆ ನನ್ನ ಕೆಲಸ ಹೋಗುತ್ತೆ, ಯಾರಿಗೋಸ್ಕರ ಎಳೆದೆ ಅಂದ್ರೆ ನಿಂದೂ ಹೋಗುತ್ತೆ," ಎಂದಳು ಅಕ್ಕ. ಇಬ್ಬರೂ ಕೂಗಾಡಿ ಸುಸ್ತಾದ ಮೇಲೆ ಅಮ್ಮ, "ಕಟ್ಟಿದ್ಮೇಲೆ ಕಟ್ಟಿದ್ದೇ ಅಲ್ವಾ. ನಿಂತ ಕಡೇನೇ ಬಾಗಿಲು, ಇನ್ನೇನು ಬೇಕು ನಿಂಗೆ?" ಎಂದಳು. ನಿಜ ಹೇಳಬೇಕೆಂದರೆ ನನಗೂ ಒಳಗೊಳಗೆ ಹಾಗೇ ಅನಿಸಿತ್ತು. ಊರಿನವರು ಹೇಗಾದರೂ ದಾಟಿಕೊಳ್ಳಲಿ, ನಾನು ಉಳಿದೆ ಎಂದುಕೊಂಡೆ.

ಕಟ್ಟೆಯನ್ನು ಅಗಲ ಮಾಡಿದರು, ಅಷ್ಟರ ಮಟ್ಟಿಗೆ ರಸ್ತೆ ಕಿರಿದಾಯಿತು. ನನ್ನ ಛತ್ರಿಯನ್ನು ಬುಡಸಮೇತ ಕಿತ್ತು ಲಾರಿಗೆ ಹಾಕಿದರು. ಗೋಡೆ ಎದ್ದಿತು, ಗೋಡೆಗೆ ಗುಲಾಬಿ ಬಣ್ಣ ಬಂತು, ಬಾಗಿಲ ಮೇಲೆ ಸಾಹೇಬರ ಹೆಸರಿನ ಕಲ್ಲು ಬಂತು. ನಾನು ಬಿಸಿಲಲ್ಲಿ ಆ ಗೋಡೆಗೆ ಒತ್ತಿಕೊಂಡು ನಿಂತೆ. ಅಲ್ಲಿಂದ ಎರಡು ರಸ್ತೆ ಕಾಣುತ್ತಿತ್ತು, ಉಳಿದೆರಡಕ್ಕೆ ಶೌಚಾಲಯ ಸುತ್ತಿ ಆ ಕಡೆ ಹೋಗಬೇಕು. ಉದ್ಘಾಟನೆಯಾದ ದಿನವೇ ನಮ್ಮ ಇನ್‌ಸ್ಪೆಕ್ಟರು ನನ್ನ ಜೊತೆಗಿದ್ದ ಪೇದೆಯನ್ನು ಬೇರೆ ಕಡೆಗೆ ಹಾಕಿದರು. "ನೀನು ಹೋಗಿ ಬರೋವಾಗ ನಿಂತ್ಕೊಳ್ಳೋಕೆ ಅಂತ ತಾನೇ ಅವನು ಇದ್ದಿದ್ದು. ಇನ್ನು ನೀನು ಎಲ್ಲಿಗೂ ಹೋಗಬೇಕಾಗಿಲ್ಲ, ಒಬ್ಬಳೇ ಸಾಕು," ಎಂದು ವಿವರಿಸಿದರು. ಬೀಗದ ಕೈಯನ್ನೂ ನನಗೇ ಕೊಟ್ಟರು.

ಆಮೇಲೆ ಶುರುವಾಯಿತು ನೋಡಿ. ಒಬ್ಬ ಹೆಂಗಸು ರಸ್ತೆ ಬದಿಯಲ್ಲಿ ನಿಂತು ಕೈಸನ್ನೆ ಮಾಡಿದರೆ ನಾನು ಬಸ್ಸು, ಲಾರಿ, ಬೈಕು ಎಲ್ಲ ತಡೆದು ಅವಳನ್ನು ದಾಟಿಸಬೇಕು. ಅವಳು ತಲೆ ತಗ್ಗಿಸಿಕೊಂಡು ಬರುವುದನ್ನು ಬಸ್ಸಿನ ಕಿಟಕಿಗಳೆಲ್ಲ ನೋಡುತ್ತವೆ. ಒಳಗೆ ಹೋದದ್ದು ಯಾರು, ಎಷ್ಟು ಹೊತ್ತಾಯಿತು ಎಂಬುದು ನಾಲ್ಕೂ ರಸ್ತೆಗೆ ಗೊತ್ತು. ಹೊರಗೆ ಬಂದ ಮೇಲೆ ಮತ್ತೆ ತಡೆಯಬೇಕು, ಮತ್ತೆ ಹಾರ್ನು, ಮತ್ತೆ ಸೀಟಿ. ಬ್ಯಾಂಕಿನ ಹುಡುಗಿಯರು ಒಂದೇ ಸಲ ಬಂದು ಆಮೇಲೆ ಈ ಕಡೆ ತಲೆ ಹಾಕಲಿಲ್ಲ. ತರಕಾರಿ ಮಾರುವ ಒಬ್ಬ ಅಜ್ಜಿ ಮಾತ್ರ ಮಾರುಕಟ್ಟೆಯಿಂದ ಕಾಲೆಳೆದುಕೊಂಡು ಬರುತ್ತಿದ್ದಳು. ಒಂದು ದಿನ ಲಾರಿಗೆ ಸಿಕ್ಕುವುದು ಕೂದಲೆಳೆಯಲ್ಲಿ ತಪ್ಪಿತು. ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತ, "ನಮ್ಮ ಮಾರ್ಕೆಟ್ ಹಿಂದೆ ಅಷ್ಟು ಜಾಗ ಬಿದ್ದಿದೆ, ಅಲ್ಲಿ ಕಟ್ಟೋಕೆ ಇವರಿಗೇನಮ್ಮ ರೋಗ?" ಎಂದಳು.

"ಕಂಪ್ಯೂಟರ್ ಹೇಳಿತಂತೆ ಅಜ್ಜಿ," ಎಂದೆ. ಅವಳ ಮುಖ ನೋಡಲಾಗಲಿಲ್ಲ.

ಇಷ್ಟೆಲ್ಲ ನಡೆದರೂ ನಾನು ಮಾತ್ರ ಒಂದು ಸಲವೂ ಒಳಗೆ ಹೋಗಿರಲಿಲ್ಲ. ಎಲ್ಲರಿಗೂ ನಾನು ರಸ್ತೆ ತಡೆಯಬಹುದು, ನಾನು ಒಳಗೆ ಹೋದರೆ ತಡೆಯುವವರು ಯಾರು? ಕೀಲಿ ಸೊಂಟದಲ್ಲಿ, ಬಾಗಿಲು ಬೆನ್ನಿಗೆ, ಉರಿ ಮೊದಲಿನ ಹಾಗೇ. ಮನೆಯಲ್ಲಿ ಅಕ್ಕ ನನ್ನ ಮುಖ ನೋಡಿ ನೋಡಿ ಸಾಕಾಗಿ, "ಒಂದೇ ಒಂದು ಸಲ ಹೋಗಿ ಬಾರೇ. ನಿಂಗೋಸ್ಕರ ತಾನೇ ಇಷ್ಟೆಲ್ಲ," ಎಂದು ಗೋಗರೆದಳು. ಅಷ್ಟೊತ್ತಿಗೆ ಅವಳು ದೊಡ್ಡ ಮನುಷ್ಯಳಾಗಿದ್ದಳು. ಆ ಚುಕ್ಕೆಯ ದೆಸೆಯಿಂದ ಅವಳನ್ನು ಸಂಪನ್ಮೂಲ ವ್ಯಕ್ತಿ ಎಂದು ಮಾಡಿ, ಬೇರೆ ಊರಿನ ನೌಕರರಿಗೆ ಜಿಐಎಸ್ ಕಲಿಸಲು ಕಳಿಸುತ್ತಿದ್ದರು. ಅವಳಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ, ಅದು ನನಗೆ ಗೊತ್ತು.

ಅವಳ ಮಾತು ಕೇಳಿ ಮರುದಿನ ಬೆಳಿಗ್ಗೆ ಹೊಟ್ಟೆ ತುಂಬ ನೀರು ಕುಡಿದೆ. ಎಷ್ಟು ಕಾಲವಾಗಿತ್ತೋ, ಗಂಟಲಿಗೆ ನೀರಿನ ರುಚಿಯೇ ಮರೆತುಹೋದಂತಿತ್ತು. ಮಧ್ಯಾಹ್ನ ವಾಹನ ಸಂಚಾರ ಸ್ವಲ್ಪ ತೆಳುವಾದಾಗ ನಾಲ್ಕೂ ರಸ್ತೆಗೆ ಕೈ ತೋರಿಸಿ ನಿಲ್ಲಿಸಿದೆ. ಎಲ್ಲರೂ ನಿಂತರು. ಕೀಲಿ ತೆಗೆದು ಒಳಗೆ ಹೋಗಿ ಚಿಲಕ ಹಾಕಿಕೊಂಡೆ.

ಒಳಗೆ ಬಿಳಿ ಟೈಲ್ಸ್, ಸ್ವಚ್ಛ ನೆಲ, ನಲ್ಲಿಯಲ್ಲಿ ನೀರು. ನನಗೆ ಅಳು ಬಂತು. ಹೊರಗೆ ಮೊದಲ ಹಾರ್ನು ಕೇಳಿಸಿತು, ಆಮೇಲೆ ಹತ್ತು, ಆಮೇಲೆ ಲೆಕ್ಕವಿಲ್ಲದಷ್ಟು, ಆಮೇಲೆ ಗಾಜು ಒಡೆದ ಸದ್ದು. ಕಿವಿಗೆ ಹಾಕಿಕೊಳ್ಳಲಿಲ್ಲ. ಅಷ್ಟು ದಿನದ್ದನ್ನೆಲ್ಲ ನೆಮ್ಮದಿಯಾಗಿ ಮುಗಿಸಿ, ಕೈ ತೊಳೆದುಕೊಂಡು ಬಾಗಿಲು ತೆಗೆದೆ. ನಾನಿಲ್ಲದ್ದು ಕಂಡು ನಾಲ್ಕೂ ಕಡೆಯವರು ಒಟ್ಟಿಗೆ ನುಗ್ಗಿ, ಬಸ್ಸಿನ ಮೂತಿಗೆ ಲಾರಿ, ಲಾರಿಯ ಪಕ್ಕೆಗೆ ಕಾರು ಸಿಕ್ಕಿಕೊಂಡು ಯಾರೂ ಅಲುಗುವಂತಿರಲಿಲ್ಲ. ಆ ಕಾರಿನ ಕಿಟಕಿ ಇಳಿಸಿ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದವರು ಅಕ್ಕನ ಸಾಹೇಬರು. ಈ ಶೌಚಾಲಯದ ಯಶಸ್ಸಿನ ಬಗ್ಗೆ ದೊಡ್ಡ ಸಭೆಯೊಂದರಲ್ಲಿ ಮಾತನಾಡಲು ಹೊರಟಿದ್ದರಂತೆ, ಸಭೆ ತಪ್ಪಿಹೋಯಿತು.

ಕರ್ತವ್ಯದ ಸ್ಥಳ ಬಿಟ್ಟು ಹೋದದ್ದಕ್ಕೆ ಕಾರಣ ಕೇಳಿ ನನಗೆ ನೋಟಿಸು ಬಂತು. ಅಕ್ಕ ತಾನೇ ತನ್ನ ನಕ್ಷೆಯನ್ನು ಅಚ್ಚು ಹಾಕಿಸಿ ತಂದುಕೊಟ್ಟಳು. ಅದನ್ನು ಇನ್‌ಸ್ಪೆಕ್ಟರ ಮೇಜಿನ ಮೇಲೆ ಹರಡಿ, "ಸಾರ್, ನಾನು ಸ್ಥಳ ಬಿಟ್ಟಿಲ್ಲ. ನನ್ನ ಡ್ಯೂಟಿ ಜಾಗ ಇದೇ ಚುಕ್ಕೆ, ಶೌಚಾಲಯಾನೂ ಇದೇ ಚುಕ್ಕೆ. ನೋಡಿ, ನಗರಸಭೆಯದೇ ನಕ್ಷೆ," ಎಂದೆ. ಅವರು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಅಭಿಪ್ರಾಯ ಕೇಳಿ ನಗರಸಭೆಯ ಸಾಹೇಬರಿಗೆ ಕಳಿಸಿದರು. ಇದು ತರಬೇತಿಯಲ್ಲಿ ಅಭ್ಯಾಸಕ್ಕೆ ಮಾಡಿದ ನಕ್ಷೆ, ವಿಚಾರಣೆಯಲ್ಲಿ ನಂಬುವಂಥದ್ದಲ್ಲ ಎಂದು ಸಾಹೇಬರು ಬರೆದು ಕಳಿಸಿದರು.

ಈಗ ನಾನು ಊರಾಚೆಯ ಬೈಪಾಸಿನಲ್ಲಿದ್ದೇನೆ. ಮೂರು ಕಡೆ ಡಾಂಬರು, ಒಂದು ಕಡೆ ಬಯಲು, ಔಷಧಿ ಅಂಗಡಿಯವನ ಕೋಣೆ ಕೂಡ ಇಲ್ಲ. ಮೊದಲ ದಿನ ಮನೆಗೆ ಬಂದಾಗ ಅಕ್ಕ ಲ್ಯಾಪ್‌ಟಾಪ್ ತೆಗೆದುಕೊಂಡು ಕೂತು, "ಮುಂದಿನ ವರ್ಷ ಇನ್ನೊಂದು ಮಂಜೂರಾಗುತ್ತಂತೆ ಕಣೇ. ಬೈಪಾಸಿನ ಕಡೆ ಒಂಚೂರು," ಎಂದು ಶುರು ಮಾಡಿದಳು. ಅಮ್ಮ ಅಡುಗೆಮನೆಯಿಂದ ಬಂದು ಅದರ ಮುಚ್ಚಳ ಮುಚ್ಚಿದಳು. ಬೆಳಿಗ್ಗೆ ಅಕ್ಕ ನನಗೆ ಬಾಟಲಿ ತುಂಬ ನೀರು ತುಂಬಿಸಿ ಕೊಡುತ್ತಾಳೆ. ಸಂಜೆ ನಾನು ಅದನ್ನು ತುಂಬಿದ ಹಾಗೇ ಮನೆಗೆ ತರುತ್ತೇನೆ.